ವಯಸ್ಸಾದ ನಾಯಿ ಜೊತೆ ಪುಣೆ ಹತ್ತಿರ ಯಾವ ಜಲಪಾತಕ್ಕೆ ಹೋಗಬಹುದು?

ಕೋಥ್ರೂಡ್ ಕನ್ನಡತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಪುಣೆಯ ಕೋಥ್ರೂಡಿಗೆ ಬಂದು 14 ವರ್ಷ ಆಯಿತು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅಮ್ಮ, ಮತ್ತೆ ಬೆಲ್ಲ. ಬೆಲ್ಲ ಅಂದರೆ ನಮ್ಮ ನಾಯಿ. ಒಂದು ಮಳೆಗಾಲದ ಸಂಜೆ ಪೌಡ್ ರಸ್ತೆಯಲ್ಲಿ ನಿಂತಿದ್ದ ಸ್ಕೂಟರ್ ಕೆಳಗೆ ಮುದುಡಿ ಕೂತಿದ್ದ ಬೀದಿ ಮರಿ. ಬಣ್ಣ ನೋಡಿ ಅಮ್ಮನೇ ಹೆಸರಿಟ್ಟರು. ಈಗ ಅವಳಿಗೆ 9 ವರ್ಷ, 18 ಕಿಲೋ ತೂಕ. ಹಿಂಗಾಲಿನ ಕೀಲು ಸವೆದಿದೆ. ನಡಿಗೆ ನಿಲ್ಲಿಸಬೇಡಿ, ಆದರೆ ಜಿಗಿಯಲು ಬಿಡಬೇಡಿ ಅಂತ ಡಾಕ್ಟರು ಹೇಳಿದ್ದಾರೆ.

ಅವಳಿಗೆ ನೀರು ಬೀಳುವ ಸದ್ದು ಅಂದರೆ ಪ್ರಾಣ. ಟೆರೇಸಿನ ಪೈಪಿನಿಂದ ಮಳೆನೀರು ಸುರಿಯುವಾಗ ಅದರ ಎದುರು ಕೂತುಬಿಡುತ್ತಾಳೆ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡು. ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓರೆ ಮಾಡಿ ಕೇಳುತ್ತಾಳೆ. ಕರೆದರೂ ಬರುವುದಿಲ್ಲ. ಇವಳಿಗೆ ಒಂದು ನಿಜವಾದ ಜಲಪಾತ ತೋರಿಸಬೇಕು ಅಂತ ನನಗೆ ಬಹಳ ದಿನದ ಆಸೆ. ಇನ್ನೆರಡು ವರ್ಷ ಹೋದರೆ ಕಾಲು ಕೇಳುತ್ತದೋ ಇಲ್ಲವೋ.

ಕಳೆದ ವರ್ಷ ಜುಲೈನಲ್ಲಿ ಒಂದು ಪ್ರಯತ್ನ ಮಾಡಿದೆವು. ಭಾನುವಾರ, ಲೋಣಾವಳದ ಕಡೆ, ಎಲ್ಲರೂ ಹೋಗುವಂಥ ಜಾಗ. ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಒಂದೂವರೆ ತಾಸು. ಮೆಟ್ಟಿಲ ಮೇಲೆ ಜನ ಒತ್ತೊತ್ತಾಗಿ ನಿಂತಿದ್ದರು. ಯಾರೋ ದೊಡ್ಡ ಸ್ಪೀಕರ್ ಹಚ್ಚಿದ್ದರು. ಬೆಲ್ಲ ಹೆದರಿ ಹಿಂದಕ್ಕೆ ಎಳೆದಳು. ಹಾರ್ನೆಸ್ ತಲೆಯಿಂದ ಕಳಚಿ ಬಂತು. ಪಾಚಿ ಬಂಡೆ ಮೇಲೆ ನಾಲ್ಕೂ ಕಾಲು ಜಾರಿ ಅವಳು ನೀರಿನ ಅಂಚಿನವರೆಗೂ ಹೋದಳು. ಒಬ್ಬ ಹುಡುಗ ಬಾಗಿ ಅವಳ ಮುಂಗಾಲು ಹಿಡಿದ. ಆ ಹುಡುಗ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ರಾತ್ರಿ ನೆನಪಾಗುತ್ತದೆ. ಅವನ ಹೆಸರೂ ಕೇಳಲಿಲ್ಲ ನಾನು.

ಅದಕ್ಕೇ ಈ ಸಲ ಕೇಳಿಕೊಂಡೇ ಹೊರಡುತ್ತೇನೆ. ಒಂದು ಕಡೆಗೆ ಅರ್ಧ, ಮುಕ್ಕಾಲು ಗಂಟೆಯ ನಡಿಗೆ ಸಾಕು. ಅಮ್ಮನಿಗೆ 68, ಅವರಿಗೂ ಮೊಣಕಾಲು ನೋವು, ಆದರೆ ಬಂದೇ ಬರುತ್ತೇನೆ ಅನ್ನುತ್ತಿದ್ದಾರೆ. ವಾರದ ದಿನ ರಜೆ ಹಾಕಬಹುದು. ನೀರಿಗೆ ಇಳಿಯುವುದು ಬೇಡವೇ ಬೇಡ. ಸದ್ದು ಕೇಳಿ, ದೂರದಿಂದ ನೋಡಿ ಬಂದರೆ ಸಾಕು. ನಾದಿನಿ ಮನೆ ಗೋವಾದ ಪೊಂಡಾದಲ್ಲಿದೆ. ಅಲ್ಲಿ ಹತ್ತಿರ ಏನಾದರೂ ಇದ್ದರೆ ಅದನ್ನೂ ಹೇಳಿ. ನಾಯಿ ಕರೆದುಕೊಂಡು ನಿಜವಾಗಿ ಹೋಗಿ ಬಂದವರು ಬರೆದರೆ ಭಾಳ ಉಪಕಾರ.

ತಳೇಗಾಂವ್ ಕುಂದಾಪ್ರದವ

ಅಕ್ಕಾ, ಓದಿ ಎದೆ ಝಲ್ ಅಂತು. ಹಾರ್ನೆಸ್ ಕಳಚುವುದು ನನಗೂ ಒಮ್ಮೆ ಆಗಿದೆ. ನಾಯಿ ಹಿಮ್ಮುಖವಾಗಿ ಎಳೆದಾಗ ಎದೆಯೊಂದಕ್ಕೇ ಪಟ್ಟಿ ಇರುವ ಹಾರ್ನೆಸ್ ತಲೆ ಮೇಲಿಂದ ಜಾರುತ್ತದೆ. ಹೊಟ್ಟೆಯ ಹಿಂದೆ ಇನ್ನೊಂದು ಪಟ್ಟಿ ಬರುವಂಥದ್ದು ತೆಗೆದುಕೊಳ್ಳಿ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು. ಜೊತೆಗೆ ಕೊರಳ ಪಟ್ಟಿಗೂ ಒಂದು ಕೊಂಡಿ ಹಾಕಿ, ಎರಡನ್ನೂ ಒಂದೇ ಹಗ್ಗಕ್ಕೆ ಸೇರಿಸಿ. ಬಟನ್ ಒತ್ತಿದರೆ ಉದ್ದ ಆಗುವ ಹಗ್ಗ ಮನೆಯಲ್ಲೇ ಇರಲಿ. ಆರು ಅಡಿಯ ಸಾದಾ ಹಗ್ಗ ಒಳ್ಳೆಯದು.

ನಾನು ತಳೇಗಾಂವ್‌ನಲ್ಲಿದ್ದೇನೆ. ನನ್ನ ಮೊದಲ ನಾಯಿಯನ್ನು ಅದರ 12ನೇ ವರ್ಷದವರೆಗೂ ಮಳವಲಿಯಿಂದ ಭಾಜೆಗೆ ಕರೆದುಕೊಂಡು ಹೋಗುತ್ತಿದ್ದೆ. ನಿಮಗೂ ಅದನ್ನೇ ಹೇಳುತ್ತೇನೆ. ಮಳವಲಿ ಅಂದರೆ ಪುಣೆ–ಲೋಣಾವಳ ಲೋಕಲ್ ನಿಲ್ಲುವ ಸಣ್ಣ ಸ್ಟೇಷನ್. ನೀವು ಕಾರಲ್ಲೇ ಬನ್ನಿ. ಸ್ಟೇಷನ್ ಕಡೆಯಿಂದ ಎಕ್ಸ್‌ಪ್ರೆಸ್‌ವೇ ಮೇಲಿನ ಸೇತುವೆ ದಾಟಿದರೆ ಭಾಜೆ ಊರು. ಒಂದೂವರೆ, ಎರಡು ಕಿಲೋಮೀಟರ್, ಹೆಚ್ಚುಕಡಿಮೆ ಸಮ ದಾರಿ. ಎರಡೂ ಬದಿ ಭತ್ತದ ಗದ್ದೆ. ಎದುರಿಗೆ ಲೋಹಗಡ, ವಿಸಾಪುರ ಎರಡೂ ಕೋಟೆ ಬೆಟ್ಟ. ಮಳೆಗಾಲದಲ್ಲಿ ಆ ಬೆಟ್ಟದಿಂದ ಬಿಳಿ ದಾರದ ಹಾಗೆ ನೀರಿಳಿಯುವುದು ದೂರದಿಂದಲೇ ಕಾಣುತ್ತದೆ. ಊರು ದಾಟಿ ಬೆಟ್ಟದ ಬುಡಕ್ಕೆ ಹೋದರೆ ಸದ್ದು ಶುರು. ಬೆಲ್ಲನಿಗೆ ಬೇಕಾದದ್ದು ಅದೇ ಅಲ್ವಾ?

ಮೇಲೆ ಭಾಜೆ ಗುಹೆಗಳಿವೆ. ಕ್ರಿ.ಪೂ. 2ನೇ ಶತಮಾನದ ಬೌದ್ಧ ಗುಹೆಗಳು, ಒಟ್ಟು 22. ಅಲ್ಲಿಗೆ ಮೆಟ್ಟಿಲು, ಟಿಕೆಟ್, ಒಳಗೆ ನಾಯಿ ಇಲ್ಲ. ನಾವು ಸರದಿ ಮಾಡುತ್ತಿದ್ದೆವು. ಒಬ್ಬರು ಕೆಳಗೆ ನಾಯಿ ಜೊತೆ, ಒಬ್ಬರು ಮೇಲೆ. ಅಮ್ಮನಿಗೆ ಮೆಟ್ಟಿಲು ಆಗದಿದ್ದರೆ ಅವರೂ ಬೆಲ್ಲನೂ ಕೆಳಗೇ ಕೂರಲಿ, ನೀರು ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ.

ಸೆಪ್ಟೆಂಬರ್ ಎರಡನೇ ವಾರದ ಮೇಲೆ ಬನ್ನಿ. ಮಳೆಯ ಜೋರು ಇಳಿದಿರುತ್ತದೆ, ನೀರು ಇನ್ನೂ ಇರುತ್ತದೆ. ಇಳಿಜಾರಿನಲ್ಲಿ ಸೋನ್ಕಿ ಅಂತ ಹಳದಿ ಹೂವು ಬಂದಿರುತ್ತದೆ. ಮಂಗಳವಾರ ಅಥವಾ ಬುಧವಾರ, ಏಳು ಗಂಟೆಗೆ ನಡಿಗೆ ಶುರು ಮಾಡಿ. ಒಂಬತ್ತೂವರೆಗೆ ವಾಪಸ್ ಕಾರಿನ ಹತ್ತಿರ ಇರಬೇಕು. ಪೂರ್ತಿ ಬೆಳಕಾಗುವ ಮುಂಚೆ ಮಾತ್ರ ಬೇಡ. ಬೆಟ್ಟದ ಬುಡದ ಊರುಗಳಲ್ಲಿ ಚಿರತೆ ಬರುತ್ತದೆ, ಅದಕ್ಕೆ ನಾಯಿ ಸುಲಭದ ಬೇಟೆ.

ಇನ್ನು ನೀರಿನ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ನೀರಿನ ನಡುವಿನ ಬಂಡೆ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದ ಆ ವಿಡಿಯೋ ನೀವೂ ನೋಡಿರುತ್ತೀರಿ. ನಾವು ನಿಂತಲ್ಲಿ ಮಳೆ ಇರಬೇಕಾಗಿಲ್ಲ. ಮೇಲೆ ಬೆಟ್ಟದಲ್ಲಿ ಸುರಿದರೆ ಸಾಕು, ಕೆಳಗೆ ಕೆಲವೇ ನಿಮಿಷದಲ್ಲಿ ಏರುತ್ತದೆ. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಒಣಗಿದ ಎಲೆ, ಕಡ್ಡಿ ತೇಲಿ ಬರಲು ಶುರುವಾದರೆ, ಸದ್ದು ದಪ್ಪ ಆದರೆ, ತಕ್ಷಣ ಎತ್ತರಕ್ಕೆ ಹೋಗಿ. ನಾನು ಕೂತ ಕೂಡಲೇ ನೀರಿನ ಅಂಚಿನ ಒಂದು ಕಲ್ಲು ಗುರುತಿಟ್ಟುಕೊಳ್ಳುತ್ತೇನೆ. ಆ ಕಲ್ಲು ಮುಳುಗಿತು ಅಂದರೆ ಚಹಾ ಅರ್ಧ ಇದ್ದರೂ ಎದ್ದೆ.

ಇನ್ನೊಂದು, ದಾರಿಯಲ್ಲಿ ತೊರೆ ದಾಟಬೇಕಾಗಿ ಬಂದರೆ ದಾಟಬೇಡಿ. ಹೋಗುವಾಗ ಪಾದ ಮುಳುಗುವಷ್ಟಿದ್ದದ್ದು ಬರುವಾಗ ಮೊಣಕಾಲಿಗೆ ಬಂದಿರುತ್ತದೆ, ಆಗ ನಾಯಿಯನ್ನು ಎತ್ತಿಕೊಳ್ಳಬೇಕು. ಒದ್ದೆ ಬಂಡೆ ಮೇಲೆ 18 ಕಿಲೋ ಎತ್ತಿಕೊಂಡು ನಡೆಯುವುದು ನನ್ನಿಂದಲೂ ಆಗುವುದಿಲ್ಲ. ಇಳಿಜಾರು ಬಂದಾಗ ಒಂದು ಉದ್ದ ಟವೆಲ್ಲನ್ನು ಅವಳ ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಹಾಯಿಸಿ ಎರಡೂ ತುದಿ ಮೇಲೆ ಹಿಡಿಯಿರಿ. ಎತ್ತಬೇಡಿ. ಸೊಂಟದ ಭಾರ ಸ್ವಲ್ಪ ತೆಗೆದುಕೊಂಡರೆ ಸಾಕು, ಅವಳೇ ಹೆಜ್ಜೆ ಹುಡುಕಿಕೊಂಡು ಇಳಿಯುತ್ತಾಳೆ. ಮನೆಯ ಮೆಟ್ಟಿಲಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿಸಿ.

ಹೊರಡುವ ಹಿಂದಿನ ದಿನ ಒಂದು ಸಲ ವಿಚಾರಿಸಿ. ಮಳೆಗಾಲದಲ್ಲಿ ಪುಣೆ, ರಾಯಗಡ ಎರಡೂ ಜಿಲ್ಲೆಯ ಕಲೆಕ್ಟರ್‌ಗಳು ಜಲಪಾತ, ಅಣೆಕಟ್ಟಿನ ಹತ್ತಿರ ನಿರ್ಬಂಧ ಹಾಕುವುದುಂಟು. ನಿರ್ಬಂಧ ಇದ್ದರೆ ಮಳವಲಿಯಿಂದ ಊರಿನವರೆಗೆ ಗದ್ದೆ ದಾರಿಯಲ್ಲಿ ನಡೆದು ವಾಪಸ್ ಬನ್ನಿ. ನಾಯಿಗೆ ಅದೂ ಹಬ್ಬವೇ ಮಾರ್ರೆ.

ಲೋಣಾವಳ ಹೋಟೆಲಿನವ

ನಾನು 20 ವರ್ಷದಿಂದ ಈ ಕಡೆ ಹೋಟೆಲ್ ನಡೆಸುತ್ತಿದ್ದೇನೆ, ಊರು ಕಾರ್ಕಳ. ಎರಡೇ ಮಾತು. ದಾರಿ ಬದಿಯ ಗಾಡಿಗಳಲ್ಲಿ ಕಾಂದಾ ಭಜಿ (ಈರುಳ್ಳಿ ಬಜ್ಜಿ), ಸುಟ್ಟ ಮೆಕ್ಕೆಜೋಳ ಎಲ್ಲಾ ಕಡೆ ಸಿಗುತ್ತದೆ. ಬಂದವರು ಪ್ರೀತಿಯಿಂದ ನಾಯಿಗೂ ಹಾಕುತ್ತಾರೆ. ಹಾಕಲು ಬಿಡಬೇಡಿ.

ಇನ್ನೊಂದು, ಇಲ್ಲಿಯ ರೈತರಿಗೆ ಭತ್ತ ವರ್ಷಕ್ಕೊಂದೇ ಬೆಳೆ. ನಾಯಿ ಗದ್ದೆಗೆ ಇಳಿದು ಓಡಾಡಿದರೆ ಭತ್ತ ಮಲಗುತ್ತದೆ. ಕಳೆದ ವರ್ಷ ಹಗ್ಗ ಬಿಟ್ಟ ಒಂದು ದೊಡ್ಡ ನಾಯಿ ಆಡಿನ ಹಿಂಡಿಗೆ ನುಗ್ಗಿ, ಗಬ್ಬದ ಆಡು ಹೆದರಿ ಗಟಾರಕ್ಕೆ ಬಿತ್ತು. ನಮ್ಮ ಹೋಟೆಲಿಗೆ ಹಾಲು ಹಾಕುವವರ ಮನೆಯ ಆಡು. ಮರಿ ಉಳಿಯಲಿಲ್ಲ. ಆಮೇಲೆ ಆ ಊರಿನವರು ನಾಯಿ ಕಂಡರೆ ಕಲ್ಲು ತೆಗೆದುಕೊಳ್ಳುತ್ತಾರೆ. ಅವರದು ತಪ್ಪು ಅಂತ ನಾನು ಹೇಳಲಾರೆ. ಹಗ್ಗ ಕೈಯಲ್ಲೇ ಇರಲಿ, ಎದುರಿಗೆ ದನ, ಆಡು ಬಂದರೆ ಪಕ್ಕಕ್ಕೆ ನಿಂತು ದಾರಿ ಬಿಡಿ. ಊರಿನ ನಾಯಿಗಳು ಬೊಗಳುತ್ತಾ ಬಂದರೆ ಓಡಬೇಡಿ, ಮುಖ ತಿರುಗಿಸಿ ನಿಧಾನ ನಡೆಯಿರಿ. ಊರಿನ ಅಂಚು ದಾಟಿದ ಮೇಲೆ ಅವು ತಾವಾಗಿ ನಿಲ್ಲುತ್ತವೆ.

ಡೊಂಬಿವಲಿ ಪಶುವೈದ್ಯೆ

ಮೈಸೂರಿನಲ್ಲಿ ಹುಟ್ಟಿ ಬೆಳೆದವಳು, ಈಗ ಡೊಂಬಿವಲಿಯಲ್ಲಿ ಕ್ಲಿನಿಕ್ ಇದೆ. ಮೇಲಿನವರು ಭಜಿ ಬಗ್ಗೆ ಹೇಳಿದ್ದು ತುಂಬಾ ಮುಖ್ಯ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಕರಿದರೂ ಆ ಗುಣ ಹೋಗುವುದಿಲ್ಲ. ಮೆಕ್ಕೆಜೋಳದ ದಿಂಡನ್ನು ತುಂಡು ಮಾಡಿ ನುಂಗಿದರೆ ಅದು ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಪರೇಷನ್ ಮಾಡಿ ದಿಂಡು ತೆಗೆದದ್ದು ನನ್ನ ಕೈಯಲ್ಲೇ ಮೂರು ಸಲ ಆಗಿದೆ.

ಬೆಲ್ಲನ ಲಸಿಕೆ ಕಾರ್ಡ್ ತೆಗೆದು ನೋಡಿ. ರೇಬಿಸ್ ಸರಿ, ಅದರ ಜೊತೆ ಇಲಿಜ್ವರದ್ದು, ಅಂದರೆ ಲೆಪ್ಟೋ, ಈ ವರ್ಷ ಆಗಿದೆಯಾ? ಇಲಿ, ದನದ ಮೂತ್ರದಿಂದ ಆ ರೋಗಾಣು ನೀರಿಗೆ ಬರುತ್ತದೆ. ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಕಾಲಿನ ಸಣ್ಣ ಗೀರು ಸಾಕು ಒಳಗೆ ಹೋಗಲು. ಮೊದಲ ಸಲವಾದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಸೂಜಿ, ಆಮೇಲೆ ವರ್ಷಕ್ಕೊಂದು. ಎರಡನೇ ಸೂಜಿ ಆಗಿ ಎರಡು ವಾರವಾದರೂ ಕಳೆದ ಮೇಲೆ ಹೊರಡಿ. ದಾರಿಯಲ್ಲಿ ನಿಂತ ನೀರು ಕುಡಿಯಲು ಬಿಡಬೇಡಿ, ಮನೆಯ ನೀರು ಒಂದು ಲೀಟರ್ ಒಯ್ಯಿರಿ. ಇದು ಮನುಷ್ಯರಿಗೂ ಬರುವ ರೋಗ. ನಿಮ್ಮ ಕಾಲಲ್ಲಿ ಗಾಯ ಇದ್ದರೆ ಮುಚ್ಚಿಕೊಂಡು ಹೋಗಿ.

ಮನೆಗೆ ಬಂದ ಮೇಲೆ ಉಣ್ಣಿ ಹುಡುಕುವುದು ಅರ್ಧ ಗಂಟೆಯ ಕೆಲಸ, ಅವಸರ ಮಾಡಬೇಡಿ. ಕಿವಿಯ ಒಳಮಡಿಕೆ, ಕೊರಳ ಪಟ್ಟಿಯ ಕೆಳಗೆ, ಕಂಕುಳು, ಬೆರಳ ಸಂದು, ಬಾಲದ ಬುಡ. ಕಣ್ಣಿಗಿಂತ ಬೆರಳ ತುದಿಗೆ ಬೇಗ ಸಿಗುತ್ತದೆ, ಎಳ್ಳಿನ ಕಾಳು ಮುಟ್ಟಿದ ಹಾಗೆ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ, ಒಂದೇ ಸಮ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಮುಂದಿನ ಎರಡು ಮೂರು ವಾರ ಗಮನ ಇರಲಿ. ಜ್ವರ, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ನಾಯಿಗೆ ಸಾಮಾನ್ಯವಾಗಿಯೇ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೈ ಬಿಸಿ ಅಂತ ಮುಟ್ಟಿ ಹೇಳಲಾಗುವುದಿಲ್ಲ, ಥರ್ಮಾಮೀಟರ್ ಇಡಿ.

ಕೊನೆಗೆ ಒಂದು ಬೇಡಿಕೆ. ನಡೆದು ಬಂದು ಕಾಲು ನೋಯುತ್ತಿದೆ ಅಂತ ನಿಮ್ಮ ಮನೆಯ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ನಾಯಿಗೆ ವಿಷವಾಗಬಹುದು. ಪ್ರೀತಿಯಿಂದ ಕೊಟ್ಟು ಅಳುತ್ತಾ ಬರುವವರನ್ನು ನೋಡಿ ನೋಡಿ ಹೇಳುತ್ತಿದ್ದೇನೆ.

ಠಾಣೆಯ ಹುಡುಗ

ಡಾಕ್ಟರ್ ಮೇಡಂ, ನಮ್ಮ ಮನೆಯಲ್ಲಿ ಪಗ್ ಇದೆ, 5 ವರ್ಷ. ಅವನನ್ನೂ ಹೀಗೆ ಕರೆದೊಯ್ಯಬಹುದಾ? ಭಿವಪುರಿ ರೋಡ್ ಸ್ಟೇಷನ್ ಹತ್ತಿರದ ಜಲಪಾತ ನೋಡಿದ್ದೆ, ಅರ್ಧ ಗಂಟೆಯ ನಡಿಗೆ.

ಡೊಂಬಿವಲಿ ಪಶುವೈದ್ಯೆ

ಪಗ್‌ಗೆ ಮೂಗು ಮೋಟು, ಏದುಸಿರಿನಿಂದ ಸರಿಯಾಗಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ. ಭಿವಪುರಿ ಇರುವ ಕರ್ಜತ್ ಕಡೆ ಮಳೆ ನಿಂತ ಕೂಡಲೇ ಸೆಕೆ ಶುರು. ಬಿಸಿಲು ಇಲ್ಲದಿದ್ದರೂ ಗಾಳಿಯಲ್ಲಿ ತೇವ ಇದ್ದರೆ ಅವನಿಗೆ ಕಷ್ಟ. ಬೆಳಗ್ಗೆ ತಂಪಲ್ಲಿ 15 ನಿಮಿಷ ಸಾಕು. ಉಸಿರಿನ ಜೊತೆ ಗೊರಗೊರ ಸದ್ದು ಜಾಸ್ತಿ ಆದರೆ, ನಾಲಿಗೆ ಕಡುಗೆಂಪು ಆದರೆ ನಿಲ್ಲಿಸಿ, ಹೊಟ್ಟೆ, ಪಾದಕ್ಕೆ ನೀರು ಹಾಕಿ, ಗಾಳಿ ಹಾಕಿ. ಶನಿವಾರ, ಭಾನುವಾರ ಭಿವಪುರಿಗೆ ಬೇಡ, ಆ ಜನಸಂದಣಿ ನಾಯಿಗೆ ಹೇಳಿದ್ದಲ್ಲ.

ಪೊಂಡಾ ಕಾರವಾರಿ

ಗೋವಾದ ಬಗ್ಗೆ ನಾನು ಹೇಳುತ್ತೇನೆ. ದೂಧಸಾಗರ ಕೇಳಬೇಡಿ. ಅದು ಭಗವಾನ್ ಮಹಾವೀರ ಅಭಯಾರಣ್ಯದ ಒಳಗಿದೆ. ತಾಂಬ್ಡಿ ಸುರ್ಲಾ ಜಲಪಾತವೂ ಅಲ್ಲೇ. ನೇತ್ರಾವಳಿಯ ಸಾವರಿ ಜಲಪಾತ ಇನ್ನೊಂದು ಅಭಯಾರಣ್ಯದಲ್ಲಿ. ಅಭಯಾರಣ್ಯದೊಳಗೆ ಸಾಕುನಾಯಿ ಒಯ್ಯುವುದು ಸರಿಯಲ್ಲ. ನಮ್ಮ ನಾಯಿಯ ಡಿಸ್ಟೆಂಪರ್ (ಒಂದು ವೈರಸ್ ರೋಗ), ರೇಬಿಸ್ ಕಾಡುಪ್ರಾಣಿಗೆ ಅಂಟಬಹುದು. ಅಲ್ಲಿಯ ಉಣ್ಣಿ ನಮ್ಮ ನಾಯಿಗೆ ಅಂಟುತ್ತದೆ. ನಿಮ್ಮ ಪುಣೆ ಕಡೆ ತಾಮ್ಹಿಣಿ, ಭೀಮಾಶಂಕರ, ಮುಂಬೈಯ ಸಂಜಯ ಗಾಂಧಿ ಉದ್ಯಾನ, ತುಂಗಾರೇಶ್ವರ ಎಲ್ಲವೂ ಹೀಗೇ. ಜಾಗ ಹುಡುಕುವಾಗ ಇದನ್ನು ಮೊದಲು ನೋಡಿದರೆ ಅರ್ಧ ಪಟ್ಟಿ ಕಡಿಮೆಯಾಗುತ್ತದೆ.

ಪೊಂಡಾದಿಂದ ನಾನು ಹರವಳೆಗೆ ಹೋಗುತ್ತೇನೆ. ಸಾಂಖಳಿ ಹತ್ತಿರ, ರುದ್ರೇಶ್ವರ ದೇವಸ್ಥಾನದ ಪಕ್ಕದಲ್ಲೇ ಜಲಪಾತ. ಗಾಡಿ ನಿಲ್ಲಿಸಿದರೆ ನಡಿಗೆ ಅನ್ನುವಂಥದ್ದೇ ಇಲ್ಲ, ಹಾಗಾಗಿ ನಾವು ಸ್ವಲ್ಪ ದೂರದಲ್ಲೇ ನಿಲ್ಲಿಸಿ ನಡೆಯುತ್ತೇವೆ. ದೇವಸ್ಥಾನದ ಅಂಗಳಕ್ಕೆ ನಾಯಿ ತರಬೇಡಿ, ಮೇಲೇ ನಿಂತು ನೋಡಿ. ಕೆಳಗಿನ ಮಡು ಆಳ ಇದೆ, ಜನ ಮುಳುಗಿದ್ದಾರೆ. ಬೆಲ್ಲನ ಕಾಲಿಗೆ ಇದು ಭಾಜೆಗಿಂತ ಸುಲಭ. ಅಕ್ಟೋಬರ್‌ನಲ್ಲೂ ನೀರಿರುತ್ತದೆ.

ಕೋಥ್ರೂಡ್ ಕನ್ನಡತಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೊನ್ನೆ ಮಂಗಳವಾರ ಭಾಜೆಗೆ ಹೋಗಿ ಬಂದೆವು. ಕಾರ್ಡ್ ನೋಡಿದೆ, ಲೆಪ್ಟೋ ಸೂಜಿ ಜೂನ್‌ನಲ್ಲೇ ಆಗಿತ್ತು. ಹೊಸ ಹಾರ್ನೆಸ್ ತಂದೆ, ಎರಡು ಬೆರಳಿನ ಅಳತೆ ಮಾಡಿಯೇ ಬಿಗಿದೆ. ಹಿಂದಿನ ದಿನ ಫೋನ್ ಮಾಡಿ ವಿಚಾರಿಸಿದೆವು, ನಿರ್ಬಂಧ ಇರಲಿಲ್ಲ.

ಟವೆಲ್ ಬದಲು ಅಮ್ಮ ತಮ್ಮ ಹಳೆಯ ಇಳಕಲ್ ಸೀರೆಯ ತುಂಡು ಮಡಚಿ ಕೊಟ್ಟರು. ಮೆತ್ತಗೆ, ಜಾರುವುದಿಲ್ಲ, ಹಿಡಿತ ಚೆನ್ನಾಗಿದೆ. ನಾಲ್ಕು ದಿನ ಬಿಲ್ಡಿಂಗಿನ ಮೆಟ್ಟಿಲಲ್ಲಿ ಅಭ್ಯಾಸ ಮಾಡಿಸಿದೆವು. ಮೊದಲ ದಿನ ಬೆಲ್ಲ ಕೂತೇಬಿಟ್ಟಳು. ಮೂರನೇ ದಿನ ಸೀರೆ ಕಂಡ ಕೂಡಲೇ ತಾನಾಗಿ ಮೆಟ್ಟಿಲ ಹತ್ತಿರ ಹೋಗಿ ನಿಂತಳು.

ಏಳೂಕಾಲಿಗೆ ನಡಿಗೆ ಶುರು. ಎಕ್ಸ್‌ಪ್ರೆಸ್‌ವೇ ಸೇತುವೆ ಮೇಲೆ ಅವಳು ನಿಂತುಬಿಟ್ಟಳು. ಕೆಳಗೆ ಲಾರಿಗಳ ಸದ್ದು, ಕಾಲಡಿಯಲ್ಲಿ ಸೇತುವೆಯ ನಡುಕ. ಯಜಮಾನರು ಎತ್ತಿಕೊಳ್ಳಲು ಹೋದರು, ಅಮ್ಮ ಬೇಡ ಅಂದರು. ಅಮ್ಮ ಅವಳ ಪಕ್ಕದಲ್ಲೇ ನಿಂತು, ‘ನನಗೂ ಹೆದರಿಕೆ ಆಗ್ತದ ಮಗಾ, ನಡಿ ಇಬ್ಬರೂ ಹೋಗೋಣು’ ಅಂದರು. ಐದು ನಿಮಿಷ ಆಯಿತು. ಆಮೇಲೆ ಇಬ್ಬರೂ ಒಟ್ಟಿಗೇ ದಾಟಿದರು, ಅಮ್ಮ ಒಂದು ಕೈಲಿ ಕಟಕಟೆ ಹಿಡಿದು.

ಗದ್ದೆ ದಾರಿಯಲ್ಲಿ ಒಬ್ಬ ಅಜ್ಜ ಆಡು ಹೊಡೆದುಕೊಂಡು ಬಂದರು. ನಾವು ಬದಿಗೆ ನಿಂತೆವು. ಅವರು ನಿಂತು ಬೆಲ್ಲನ ವಯಸ್ಸು ಕೇಳಿದರು. ಹೋಟೆಲಿನವರೇ, ನಿಮ್ಮ ಮಾತು ನೆನಪಾಯಿತು. ಊರಿನ ನಾಯಿಗಳು ಮೂರು ಬಂದವು, ಬೊಗಳಿದವು, ಕೊನೆಯ ಮನೆಯ ಹತ್ತಿರ ನಿಂತವು, ನೀವು ಹೇಳಿದ ಹಾಗೇ.

ಬೆಟ್ಟದ ಬುಡದಲ್ಲಿ ನೀರಿನಿಂದ ಸಾಕಷ್ಟು ದೂರ, ಎತ್ತರದಲ್ಲಿ ಒಂದು ಚಪ್ಪಟೆ ಕಲ್ಲು ಸಿಕ್ಕಿತು. ಅಂಚಿನ ಒಂದು ಕಲ್ಲು ಗುರುತಿಟ್ಟೆ. ಮೊದಲು ಬೆಲ್ಲ ನೀರಿನ ಕಡೆ ನೋಡಲೇ ಇಲ್ಲ, ಹುಲ್ಲು ಮೂಸುತ್ತಿದ್ದಳು. ಆಮೇಲೆ ಗಾಳಿ ಈ ಕಡೆ ತಿರುಗಿತು, ಸಣ್ಣ ಹನಿಗಳು ಅವಳ ಮೂಗಿನ ಮೇಲೆ ಬಿದ್ದವು. ತಲೆ ಎತ್ತಿದಳು. ನಿಧಾನ ಕೂತಳು. ಒಂದು ಕಿವಿ ನೆಟ್ಟಗೆ, ಒಂದು ಮಡಚಿಕೊಂಡು. ತಲೆ ಆ ಕಡೆ ಓರೆ, ಈ ಕಡೆ ಓರೆ. ನನ್ನ ಕೈಲಿ ಫೋನ್ ಇತ್ತು, ಫೋಟೊ ತೆಗೆಯಬೇಕು ಅಂತಲೇ ಹೊಳೆಯಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಮೊಸರನ್ನದ ಡಬ್ಬಿ ತೆರೆದರು. ಒಗ್ಗರಣೆ ಇಲ್ಲದ್ದು ಅವಳಿಗೆ, ಬೇರೆ ಕಟ್ಟಿದ್ದರು. ಡಬ್ಬಿಯ ಸದ್ದಿಗೂ ಅವಳು ತಿರುಗಲಿಲ್ಲ.

ಗುಹೆಗೆ ಯಜಮಾನರು ಒಬ್ಬರೇ ಹೋಗಿ ಬಂದರು. ನನಗೆ ಏಳಲು ಮನಸ್ಸಾಗಲಿಲ್ಲ.

ವಾಪಸ್ ಬರುವಾಗ ಇಳಿಜಾರಿನಲ್ಲಿ ಸೀರೆ ಹಾಕಿಯೇ ಇಳಿಸಿದೆವು. ರಾತ್ರಿ ಹುಡುಕಿದಾಗ ಎರಡು ಉಣ್ಣಿ ಸಿಕ್ಕವು, ಒಂದು ಎಡಕಿವಿಯ ಮಡಿಕೆಯಲ್ಲಿ, ಒಂದು ಬೆರಳ ಸಂದಿನಲ್ಲಿ. ಡಾಕ್ಟರ್ ಮೇಡಂ ಹೇಳಿದ ಹಾಗೆ ತೆಗೆದೆ. ದಿನಾಂಕ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ, ಮೂರು ವಾರ ನೋಡುತ್ತೇನೆ. ಮರುದಿನ ಸ್ವಲ್ಪ ಬಿಗಿಯಾಗಿ ನಡೆದಳು, ಸಂಜೆಗೆ ಸರಿಹೋದಳು.

ಪೊಂಡಾದವರೇ, ದೀಪಾವಳಿಗೆ ನಾದಿನಿ ಮನೆಗೆ ಬರುತ್ತೇವೆ. ಹರವಳೆಯಲ್ಲಿ ಗಾಡಿ ಎಲ್ಲಿ ನಿಲ್ಲಿಸಿ ನಡೆಯಬೇಕು ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ?